ಕಿಟಕಿ ಮುಚ್ಚಿ ಹಾಡಿದ ಹಾಡು

ನಾನು ಹಾಡು ಕಲಿತದ್ದು ದನಿ ಇಲ್ಲದೆ. ಹೇಳಿದರೆ ಜನ ನಗುತ್ತಾರೆ, ನಗಲಿ. ಹೈದರಾಬಾದಿನ ಬೇಗಂಪೇಟೆಯ ರೈಲು ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಒಂದು ಹಳೆಯ ಮನೆಯ ಕೆಳಭಾಗದಲ್ಲಿ ನಾವು ಬಾಡಿಗೆಗೆ ಇದ್ದೆವು. ಮುಂದಿನ ಕೋಣೆಗೆ ಗಲ್ಲಿಯ ಕಡೆ ಒಂದು ಕಿಟಕಿ, ಒಳಕೋಣೆಗೆ ಮಾಲೀಕರ ಅಂಗಳದ ಕಡೆ ಒಂದು ಕಿಟಕಿ. ಸಂಜೆ ದೀಪ ಹಾಕುತ್ತಿದ್ದ ಹಾಗೆ ಅವ್ವ ಎರಡನ್ನೂ ಮುಚ್ಚಿ ಚಿಲಕ ಹಾಕುತ್ತಿದ್ದಳು. ಯಾರಾದರೂ ಕೇಳಿದರೆ ಸೊಳ್ಳೆ ಅನ್ನುತ್ತಿದ್ದೆವು. ಬೇಗಂಪೇಟೆಯಲ್ಲಿ ಸೊಳ್ಳೆಗೇನು ಬರವಿರಲಿಲ್ಲ, ಆದ್ದರಿಂದ ಯಾರೂ ಎರಡನೆಯ ಪ್ರಶ್ನೆ ಕೇಳುತ್ತಿರಲಿಲ್ಲ. ಕಿಟಕಿ ಮುಚ್ಚಿದ ಮೇಲೆ ಚಾಪೆ ಹಾಸಿ ಮೂವರೂ ಕೂರುತ್ತಿದ್ದೆವು. ಅಪ್ಪ ಖಾಕಿ ಕಾಗದದ ಹೊದಿಕೆ ಹಾಕಿದ ಕೀರ್ತನೆಯ ಪುಸ್ತಕ ತೆಗೆದು ಮೊಣಕಾಲಿನ ಮೇಲೆ ಒಂದು ಬೆರಳಿನಿಂದ ತಾಳ ಹಾಕುತ್ತಿದ್ದ. ಆಮೇಲೆ ಹಾಡು. ತುಟಿ ಆಡುತ್ತಿತ್ತು, ಉಸಿರು ಹೋಗಿ ಬರುತ್ತಿತ್ತು, ಅಕ್ಷರಗಳು ಒಂದಕ್ಕೊಂದು ಉಜ್ಜಿದ ಸಪ್ಪಳ ಮಾತ್ರ ಬರುತ್ತಿತ್ತು. ಏರಿಳಿತವೆಲ್ಲ ಅಪ್ಪನ ಹುಬ್ಬಿನಲ್ಲಿ. ಹುಬ್ಬು ಮೇಲೆ ಹೋದರೆ ರಾಗ ಮೇಲೆ ಹೋಯಿತೆಂದು ನಾನು ತಿಳಿದುಕೊಳ್ಳಬೇಕಿತ್ತು. ಎಲ್ಲರ ಮನೆಯಲ್ಲೂ ದೇವರ ಹಾಡು ಹೀಗೇ ಇರುತ್ತದೆ ಎಂದು ನಾನು ಬಹಳ ದಿನ ನಂಬಿದ್ದೆ.

ಆಗಿನ್ನೂ ಬೇಗಂಪೇಟೆಯ ವಿಮಾನ ನಿಲ್ದಾಣ ನಡೆಯುತ್ತಿತ್ತು. ಈಗಿನ ಹುಡುಗರಿಗೆ ಅದು ಗೋಡೆಯ ಹಿಂದಿನ ಹಳೆಯ ಜಾಗ, ಅಷ್ಟೇ. ನಮಗೆ ಅದು ಪ್ರಾರ್ಥನೆಯ ಒಂದು ಭಾಗ. ಸಂಜೆಯ ವಿಮಾನ ಇಳಿಯಲು ಬಂದಾಗ ಅಡುಗೆಮನೆಯ ಸ್ಟೀಲಿನ ತಟ್ಟೆಗಳು ನಡುಗುತ್ತಿದ್ದವು, ಆ ಸದ್ದಿನಲ್ಲಿ ಮನುಷ್ಯ ಕಿರುಚಿದರೂ ಪಕ್ಕದವನಿಗೆ ಕೇಳುತ್ತಿರಲಿಲ್ಲ. ಆಗ ಅಪ್ಪ ಕಣ್ಣಿನಲ್ಲೇ ಸನ್ನೆ ಮಾಡುತ್ತಿದ್ದ. ನಾನು ಬಾಯಿ ತೆರೆದು, ಎದೆಯಿಂದ, ಒಂದು ಸಾಲು ನಿಜವಾಗಿ ಹಾಡುತ್ತಿದ್ದೆ. ವಿಮಾನ ದಾಟಿ ಹೋದ ಮೇಲೆ ಮತ್ತೆ ಉಸಿರಿಗೆ ಇಳಿಯಬೇಕು. ಹೀಗಾಗಿ ಎಷ್ಟೋ ಹಾಡುಗಳಲ್ಲಿ ನಡುವಿನ ಯಾವುದೋ ಒಂದು ಸಾಲಿಗೆ ಮಾತ್ರ ನನಗೆ ರಾಗ ಬರುತ್ತಿತ್ತು. ಇಂದಿಗೂ ಸಭೆಯಲ್ಲಿ ಕೆಲವು ಕೀರ್ತನೆ ಹಾಡುವಾಗ ಆ ಸಾಲು ಬಂದಾಗ ನನ್ನ ದನಿ ತಾನಾಗಿ ಏರುತ್ತದೆ. ಪಕ್ಕದವರು ತಿರುಗಿ ನೋಡಿದರೆ ಮುಖ ಬಿಸಿಯಾಗುತ್ತದೆ.

ಇದಕ್ಕೆಲ್ಲ ಕಾರಣ ಮನೆ. ಅಪ್ಪ ಬೀದರ್ ಕಡೆಯ ಹಳ್ಳಿಯವನು, ಹೆಸರು ಶಾಂತಪ್ಪ. ಬೇಗಂ ಬಜಾರಿನ ಒಂದು ಕಿರಾಣಿ ಸಗಟು ಅಂಗಡಿಯಲ್ಲಿ ಮೂಟೆ ಕಟ್ಟಿಸಿ ಊರೂರಿಗೆ ಕಳಿಸುವ ಕೆಲಸ ಅವನದು. ಮದುವೆಯಾಗಿ ಅವ್ವನನ್ನು ಕರೆದುಕೊಂಡು ಬಂದಾಗ ಮನೆ ಹುಡುಕಿ ಹುಡುಕಿ ಸಾಕಾಗಿತ್ತಂತೆ. ಒಂದು ಕಡೆ ಮುಂಗಡ ಕೊಟ್ಟ ಮೇಲೆ, ನೀವು ಪ್ರಾರ್ಥನೆಯವರಾ, ಅಂದರೆ ಕ್ರೈಸ್ತರಾ, ಎಂದು ಕೇಳಿ ಹಣ ವಾಪಸ್ಸು ಕೊಟ್ಟಿದ್ದರು. ಇನ್ನೊಂದು ಕಡೆ ಕೇಳಲೂ ಇಲ್ಲ, ಹಾಡು ಕೇಳಿದ ಮರುದಿನ ಮನೆ ರಿಪೇರಿ ಇದೆ ಅಂದರು. ಬೇಗಂಪೇಟೆಯ ಮನೆಯ ಒಡತಿ ಸುಲೋಚನಮ್ಮ, ಗಂಡ ತೀರಿಕೊಂಡ ತೆಲುಗಿನ ಹೆಂಗಸು, ಮೇಲ್ಮಹಡಿಯಲ್ಲಿ ಒಬ್ಬರೇ ಇದ್ದವರು, ನೀವು ಯಾವ ಜನ ಎಂದು ಕೇಳಿದಾಗ ಅಪ್ಪ ಹೇಳಿದ್ದು ಇಷ್ಟೇ.

"ಕನ್ನಡದವರಮ್ಮಾ. ಬೀದರ್ ಕಡೆಯವರು."

ಅವರು ಅಷ್ಟಕ್ಕೆ ಸುಮ್ಮನಾದರು. ಸುಳ್ಳೇನೂ ಅಲ್ಲವಲ್ಲ ಎಂದು ಅಪ್ಪ ಜೀವನವಿಡೀ ಹೇಳುತ್ತಿದ್ದ. ಸುಳ್ಳಲ್ಲ ಅನ್ನುವ ಮಾತನ್ನು ಅಷ್ಟು ಸಲ ಹೇಳಬೇಕಾಗಿ ಬಂದರೆ ಅದರಲ್ಲಿ ಏನೋ ಇದೆ ಎಂದು ನನಗೆ ಹೊಳೆಯಲು ವರ್ಷಗಳು ಬೇಕಾದವು. ಅವ್ವ ಮನೆಯಿಂದ ಹೊರಬೀಳುವಾಗ ಹಣೆಗೆ ಸಾಸಿವೆಯಷ್ಟು ಒಂದು ಬಿಂದಿ ಅಂಟಿಸಿಕೊಳ್ಳುತ್ತಿದ್ದಳು. ಭಾನುವಾರ ಸಭೆಗೆ ಹೋಗುವಾಗ ಬಸ್ಸಿನಲ್ಲಿ ಅದನ್ನು ಕಿತ್ತು ನನ್ನ ಹೆಬ್ಬೆರಳಿನ ಉಗುರಿಗೆ ಅಂಟಿಸುತ್ತಿದ್ದಳು. ಪಾದ್ರಿಗಳ ಪ್ರಸಂಗ ಮುಗಿಯುವವರೆಗೆ ನಾನು ಆ ಬೆರಳನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಕೂತಿರಬೇಕು. ಬರುವಾಗ ಬಸ್ಸಿನಲ್ಲಿ ಅವ್ವ ಕೈ ಚಾಚುತ್ತಿದ್ದಳು, ನಾನು ವಾಪಸ್ಸು ಕೊಡುತ್ತಿದ್ದೆ. ಪ್ರಾರ್ಥನೆಗೆ ಕೈ ಜೋಡಿಸಲು ಹೇಳಿದಾಗೆಲ್ಲ ನನಗೆ ಆ ಬೆರಳಿನದೇ ಚಿಂತೆ.

ಕನ್ನಡ ಸಭೆಗೆ ಚರ್ಚು ಸಿಗುತ್ತಿದ್ದದ್ದು ಮಧ್ಯಾಹ್ನ, ತೆಲುಗಿನವರ ಆರಾಧನೆ ಮುಗಿದ ಮೇಲೆ. ಬರುತ್ತಿದ್ದವರು ಹೆಚ್ಚಾಗಿ ಬೀದರ್, ಯಾದಗಿರಿ, ಹುಮನಾಬಾದ್ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು. ಅವರ ಹಾಡೋ, ಕಂಬಗಳು ಅದುರಬೇಕು. ಓದು ಬರಹ ಇಲ್ಲದ ಹೆಂಗಸರು ಪುಸ್ತಕ ನೋಡದೆ ಚರಣದ ಮೇಲೆ ಚರಣ ಹೇಳುತ್ತಿದ್ದರು. ಕ್ರಿಸ್ತನ ಹುಟ್ಟು, ಸಾವು, ಕಾನಾ ಊರಿನ ಮದುವೆ, ಎಲ್ಲವೂ ಅವರಿಗೆ ಹಾಡಿನಲ್ಲೇ ಗೊತ್ತು. ನಮ್ಮ ಜನ ಯಾರು ಎಂದು ತೋರಿಸುವುದಕ್ಕೆ ನಮ್ಮ ಹತ್ತಿರ ಬೇರೆ ಏನಿತ್ತು, ಬಟ್ಟೆಯೂ ಅದೇ, ಊಟವೂ ಅದೇ, ಮಾತೂ ಅದೇ. ಹಾಡು ಕೇಳಿದರೆ ಗೊತ್ತಾಗುತ್ತಿತ್ತು ಇವರು ನಮ್ಮವರೆಂದು. ಅಂಥವರ ನಡುವೆ ನಾವು ಮೂವರು ತುಟಿ ಆಡಿಸುತ್ತಾ ನಿಲ್ಲುತ್ತಿದ್ದೆವು. ಅಲ್ಲಿ ಯಾರ ಹೆದರಿಕೆ? ಆದರೂ ದನಿ ಬರುತ್ತಿರಲಿಲ್ಲ. ಮನೆಯಲ್ಲಿ ಬಾಯಿ ಮುಚ್ಚಿಕೊಂಡವರು ಇಲ್ಲಿ ಬಂದು ತೆರೆದರೆ ದೇವರು ನಗುವುದಿಲ್ಲವೇ ಎಂದು ಅವ್ವ ಒಮ್ಮೆ ಅಂದದ್ದು ನೆನಪಿದೆ. ಸಭೆಯವರು ನಮ್ಮನ್ನು ಸೊಕ್ಕಿನವರೆಂದು ತಿಳಿದಿದ್ದರು. ಹಾಡು ಎತ್ತಿಕೊಡುತ್ತಿದ್ದ ಸಾಮುವೇಲ ಮೇಸ್ತ್ರಿ ಎಲ್ಲರ ಎದುರೇ ಅಪ್ಪನನ್ನು ಛೇಡಿಸುತ್ತಿದ್ದರು.

"ಶಾಂತಪ್ಪನವರ, ದೇವರಿಗೆ ಗುಟ್ಟಾಗಿ ಅರ್ಜಿ ಹಾಕ್ತೀರೇನ್ರಿ? ನಮಗೂ ಒಂಚೂರು ಕೇಳಸ್ರೆಲಾ."

ಅಪ್ಪ ನಕ್ಕು ತಲೆ ತಗ್ಗಿಸುತ್ತಿದ್ದ. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು.

ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಆಯಿ ಬಂದಳು. ಆಯಿ ಅಂದರೆ ಅಪ್ಪನ ಅವ್ವ, ಮಾರ್ಥಮ್ಮ. ಊರಿನಲ್ಲಿ ಬಿದ್ದು ಸೊಂಟ ನೋಯಿಸಿಕೊಂಡು, ಒಬ್ಬಳೇ ಇರಲಾರದೆ ಬಂದದ್ದು. ಕಿವಿ ಪೂರಾ ಹೋಗಿತ್ತು. ಬಂದ ಮೊದಲ ಸಂಜೆ ಅವ್ವ ಕಿಟಕಿ ಮುಚ್ಚಿದಳು, ಅಪ್ಪ ಪುಸ್ತಕ ತೆಗೆದ. ನಮ್ಮ ತುಟಿ ಆಡಲು ಶುರುವಾದದ್ದನ್ನು ನೋಡಿದಳು, ಯಾವ ಹಾಡೆಂದು ತುಟಿಯಲ್ಲೇ ಗುರುತು ಹಿಡಿದಳು, ಕಣ್ಣು ಮುಚ್ಚಿ ತಾನೂ ಶುರು ಮಾಡಿದಳು. ಅಯ್ಯೋ ದೇವರೇ, ಅದೇನು ದನಿ. ತನಗೇ ಕೇಳಿಸದ ದನಿಗೆ ಅಳತೆ ಎಲ್ಲಿಂದ ಬರಬೇಕು. ಗಲ್ಲಿಯ ಆ ತುದಿಯ ಇಸ್ತ್ರಿಯವನವರೆಗೂ ಹೋಗಿರಬೇಕು. ಅವ್ವನ ಮುಖ ಬಿಳಿಚಿಕೊಂಡಿತು. ಅಪ್ಪ ಆಯಿಯ ಕಿವಿಯ ಹತ್ತಿರ ಬಾಯಿ ಇಟ್ಟು ಹೇಳಿದ.

"ಯವ್ವಾ, ಮೆಲ್ಲಗ ಹಾಡು."

ಕೇಳಲಿಲ್ಲ. ಇನ್ನೂ ಜೋರಾಗಿ ಹೇಳಿದ. ಕೇಳಲಿಲ್ಲ. ಮೆಲ್ಲಗ, ಮೆಲ್ಲಗ ಎಂದು ಅಪ್ಪ ಕೂಗಿದ ಕೂಗು ಆಯಿಯ ಹಾಡನ್ನೂ ಮೀರಿಸಿತು. ಈಗ ನೆನೆದರೆ ನಗು ಬರುತ್ತದೆ, ಆವತ್ತು ಯಾರೂ ನಗಲಿಲ್ಲ. ಕೊನೆಗೆ ಅಪ್ಪ ಅವಳ ಭುಜ ಅಲುಗಿಸಿದ. ಆಯಿ ಕಣ್ಣು ತೆರೆದಳು. ಅಪ್ಪ ತನ್ನ ತುಟಿಯ ಮೇಲೆ ಒಂದು ಬೆರಳಿಟ್ಟು ತೋರಿಸಿದ. ಹೆತ್ತ ತಾಯಿಗೆ, ಅವಳ ದೇವರ ಹಾಡಿನ ನಡುವೆ, ಮಗ ಹೀಗೆ ಬೆರಳಿಟ್ಟು ತೋರಿಸಿದ. ಆಯಿ ಬೆರಳನ್ನು ನೋಡಿದಳು, ಮುಚ್ಚಿದ ಕಿಟಕಿಯನ್ನು ನೋಡಿದಳು, ಅವ್ವನ ಮುಖ ನೋಡಿದಳು. ಯಾರೂ ಏನೂ ವಿವರಿಸಬೇಕಾಗಲಿಲ್ಲ. ಸೆರಗು ಸರಿಮಾಡಿಕೊಂಡು ಸುಮ್ಮನೆ ಕೂತಳು.

ಮರುದಿನ ಬೆಳಿಗ್ಗೆ ಸುಲೋಚನಮ್ಮ ಕೆಳಗೆ ಇಳಿದು ಬಂದರು. ಅವ್ವ ಕೈಯಲ್ಲಿದ್ದ ಹಿಟ್ಟನ್ನೂ ತೊಳೆಯದೆ ಬಾಗಿಲಲ್ಲಿ ನಿಂತಳು. ಸಾಮಾನು ಕಟ್ಟಬೇಕೆಂದೇ ನಾನು ತಿಳಿದೆ. ಅವರು ಕೂರಲಿಲ್ಲ. ತೆಲುಗಿನಲ್ಲಿ ಮೆಲ್ಲಗೆ ಮಾತಾಡಿದರು, ಅಪ್ಪನ ಮುಖ ನೋಡದೆ.

"ನನಗೆ ನೀವು ಬಂದ ಹೊಸತರಲ್ಲೇ ಗೊತ್ತಾಗಿದೆ. ಸಂಜೆ ಒಳಗೆ ಗುಸುಗುಸು ಕೇಳುತ್ತದೆ. ನನಗೇನೂ ಇಲ್ಲ ಶಾಂತಪ್ಪಗಾರು, ದೇವರು ಅಂದರೆ ದೇವರೇ. ಆದರೆ ಪಕ್ಕದಲ್ಲಿ ನನ್ನ ಮೈದುನ ಇದ್ದಾನೆ. ಈ ಮನೆಯಲ್ಲಿ ಅವನಿಗೂ ಪಾಲಿದೆ. ಅವನ ಕಿವಿಗೆ ಬೀಳದ ಹಾಗೆ ನೋಡಿಕೊಳ್ಳಿ."

"ಹಾಗೇ ಆಗಲಿ ಅಮ್ಮಾ" ಎಂದ ಅಪ್ಪ. ಅವರು ಹೋದ ಮೇಲೆ ಅವ್ವ ಗೋಡೆಗೆ ಒರಗಿ ಉಸಿರು ಬಿಟ್ಟಳು. ಮನೆ ಉಳಿಯಿತೆಂದು ಅವಳಿಗೆ ಸಮಾಧಾನ. ಅಪ್ಪನಿಗೆ ಆ ದಿನ ಊಟ ಇಳಿಯಲಿಲ್ಲ. ಅಲ್ಲಿಯವರೆಗೆ ನಮ್ಮ ಪಿಸುಮಾತು ನಮ್ಮದೊಂದು ಗುಟ್ಟಾಗಿತ್ತು. ಈಗ ಅದು ಕೊಟ್ಟ ಮಾತಾಯಿತು. ಇಷ್ಟು ವರ್ಷ ಮೇಲಿನ ಮನೆಯಲ್ಲಿ ಒಬ್ಬರು ಕೂತು ನಮ್ಮ ಗುಸುಗುಸು ಕೇಳುತ್ತಿದ್ದರು, ಯಾಕೆ ಹೀಗೆ ಮಾಡುತ್ತಾರೆಂದೂ ಅವರಿಗೆ ಗೊತ್ತಿತ್ತು ಅನ್ನುವುದು ನನ್ನನ್ನು ಬಹಳ ಹಿಂಡಿತು. ಮೆಟ್ಟಿಲಲ್ಲಿ ಅವರು ಎದುರಾದರೆ ನಾನು ಗೋಡೆಯ ಕಡೆ ತಿರುಗುತ್ತಿದ್ದೆ. ಅವರೂ ಏನೋ ಮರೆತವರ ಹಾಗೆ ಸೆರಗಿನ ಗಂಟು ನೋಡಿಕೊಳ್ಳುತ್ತಿದ್ದರು.

ಆಯಿ ಆಮೇಲೆ ಹಾಡಲಿಲ್ಲ. ಸಂಜೆ ನಮ್ಮ ಜೊತೆ ಚಾಪೆಯ ಮೇಲೆ ಕೂರುತ್ತಿದ್ದಳು, ನಾವು ತುಟಿ ಆಡಿಸುವಾಗ ನನ್ನ ಬೆನ್ನಿನ ಮೇಲೆ ಅಂಗೈ ಇಡುತ್ತಿದ್ದಳು. ಮುದ್ದಿಗೆ ಇರಬೇಕು ಎಂದುಕೊಂಡೆ. ಅಲ್ಲ. ಊರಲ್ಲಿ ಕಿವಿ ಮಂದವಾದ ಮೇಲೆ ಸಭೆಯಲ್ಲಿ ಪಕ್ಕದವರ ಬೆನ್ನಿಗೆ ಕೈ ಇಟ್ಟು, ಅದು ಅದುರುವುದರ ಮೇಲೆ ಹಾಡು ಎಲ್ಲಿಗೆ ಬಂತೆಂದು ತಿಳಿದುಕೊಂಡು ತಾನೂ ಸೇರುತ್ತಿದ್ದಳಂತೆ. ನನ್ನ ಬೆನ್ನಿನಲ್ಲಿ ಅವಳಿಗೆ ಏನೂ ಸಿಗಲಿಲ್ಲ. ಒಂದು ದಿನ ಕೇಳಿಯೇ ಬಿಟ್ಟಳು.

"ಬಾಯಿ ಆಡಸಾಕತ್ತಿ ಸುವರ್ಣಿ, ಬೆನ್ನ ಅಲಗವಲ್ದು. ಹಾಡಾಕತ್ತೀಯೋ, ಸುಳ್ಳ ಮಾಡಾಕತ್ತೀಯೋ?"

ಏನು ಹೇಳಿದರೂ ಅವಳಿಗೆ ಕೇಳಬೇಕಲ್ಲ. ಅವಳು ಅವ್ವನ ಬೆನ್ನಿಗೆ ಕೈ ಇಟ್ಟು ನೋಡಿದಳು, ಅಪ್ಪನ ಬೆನ್ನಿಗೂ ಇಟ್ಟಳು. ಅಪ್ಪನ ಬೆನ್ನಿನ ಮೇಲೆ ಬಹಳ ಹೊತ್ತು ಇಟ್ಟಿದ್ದಳು. ಆಮೇಲೆ ಕೈ ತೆಗೆದು ತನ್ನ ಮಡಿಲಲ್ಲಿ ಇಟ್ಟುಕೊಂಡು, ನನಗೆ ಹೇಳುವ ಹಾಗೆ ಮಾಡಿ ಅಪ್ಪನಿಗೇ ಹೇಳಿದಳು.

"ನಿಮ್ಮಪ್ಪ ಹಾಡಾಕ ನಿಂತ್ರ ಕೆರಿ ದಂಡಿ ತನಕ ಕೇಳ್ತಿತ್ತು ಕೂಸ. ಹೊಲದಾಗಿನ ಮಂದಿ ಬುತ್ತಿ ಬಿಟ್ಟು ಕೇಳೋರು. ಹೈದರಾಬಾದಿಗಿ ಬಂದು ಅದನ್ನ ಎಲ್ಲಿಟ್ಟಾನೋ ಏನೋ, ಭಾಳ ದಿನ ಆತು."

ನಾನು ನಂಬಲಿಲ್ಲ. ಮುದುಕಿಯರಿಗೆ ಮಗನನ್ನು ಹೊಗಳುವುದೇ ಕೆಲಸ ಎಂದುಕೊಂಡೆ. ಅಪ್ಪನಿಗೆ ಹಾಡಲು ಬರುತ್ತದೆ ಎಂದರೆ ನಮ್ಮ ಎಮ್ಮೆಗೆ ಇಂಗ್ಲಿಷ್ ಬರುತ್ತದೆ ಅಂದ ಹಾಗೆ, ಅದರಲ್ಲೂ ನಮಗೆ ಎಮ್ಮೆಯೇ ಇರಲಿಲ್ಲ. ಅಪ್ಪ ಪುಸ್ತಕ ಮುಚ್ಚಿ ಎದ್ದು ಹೋದ. ಸೊಳ್ಳೆ ಬತ್ತಿ ತರುತ್ತೇನೆ ಅಂದ.

ಆ ವರ್ಷದ ಚಳಿಗಾಲದಲ್ಲಿ ಆಯಿಗೆ ಕಫ ಕಟ್ಟಿತು. ಉಸಿರಾಡಲು ಕಷ್ಟ. ಹಾಸಿಗೆಯಲ್ಲಿ ಎದ್ದು ಕೂತವಳು ಒಂದು ಸಂಜೆ ಅಪ್ಪನ ಕೈ ಹಿಡಿದು ಒಂದೇ ಮಾತು ಕೇಳಿದಳು.

"ನನ್ನ ಎತ್ತೂವಾಗ ಹೊಳಿ ಹಾಡು ಹಾಡಪಾ. ಬೆರಳ ಇಡಬ್ಯಾಡ."

ಹೊಳೆ ಹಾಡು ಎಂದರೆ ನಮ್ಮ ಜನ ಸಾವಿನ ಮನೆಯಲ್ಲಿ ಹಾಡುವ ಕೀರ್ತನೆ, ಹೊಳೆ ದಾಟಿ ಆಚೆ ದಡ ಸೇರುವುದನ್ನು ಹೇಳುವಂಥದ್ದು. ಅದಕ್ಕೊಂದು ಪದ್ಧತಿಯಿದೆ. ಪೆಟ್ಟಿಗೆ ಹೊಸ್ತಿಲ ಹತ್ತಿರ ಬಂದಾಗ ಮೊದಲ ಚರಣವನ್ನು ಮನೆಯವರೇ ಎತ್ತಬೇಕು. ಎಷ್ಟೇ ಅಳು ಬಂದರೂ ಅವರೇ. ಸಭೆಯವರು ಹೊರಗೆ ನಿಂತು ಕಾಯುತ್ತಾರೆ, ಮನೆಯವರು ಮೊದಲ ಚರಣ ಮುಗಿಸಿದ ಮೇಲೆ ಅವರು ಸೇರಿಕೊಳ್ಳುತ್ತಾರೆ. ನೀವು ಬಿಟ್ಟುಕೊಟ್ಟಿರಿ, ಇನ್ನು ನಾವು ಹೊರುತ್ತೇವೆ ಎಂದು ಅದರ ಅರ್ಥ. ಅಪ್ಪ ಆಯಿಯ ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡು ಹೂಂ ಎಂದು ತಲೆಯಾಡಿಸಿದ. ಅವಳು ಅದನ್ನು ಕಣ್ಣಾರೆ ನೋಡಿದಳು. ಸುಲೋಚನಮ್ಮನವರಿಗೆ ಕೊಟ್ಟದ್ದೂ ಮಾತು, ತಾಯಿಗೆ ಕೊಟ್ಟದ್ದೂ ಮಾತು, ಎರಡರ ನಡುವೆ ಅಪ್ಪ ಏನು ಮಾಡಿಯಾನು.

ಎರಡು ದಿನ ಕಳೆದು ಬೆಳಗಿನ ಹೊತ್ತು ಆಯಿ ಹೋದಳು. ಸಭೆಯವರಿಗೆ ಸುದ್ದಿ ಹೋಯಿತು, ಕೆಲಸ ಬಿಟ್ಟು ಎಲ್ಲರೂ ಬಂದರು, ಸಿಮೆಂಟು ಹತ್ತಿದ ಕಾಲಿನಲ್ಲೇ ಕೆಲವರು ಬಂದರು. ಪೆಟ್ಟಿಗೆಯ ಮೇಲೆ ಶಿಲುಬೆ ಇತ್ತು. ಇನ್ನು ಮುಚ್ಚಿಡಲು ಏನಿದೆ, ಇಡೀ ಗಲ್ಲಿಗೆ ಗೊತ್ತಾಯಿತು. ಪಕ್ಕದ ಮನೆಯ ಮೈದುನ ತನ್ನ ಗೇಟಿನಲ್ಲಿ ಕೈಕಟ್ಟಿ ನಿಂತಿದ್ದ. ಅಪ್ಪ ಅವನ ಕಡೆ ನೋಡಲಿಲ್ಲ, ಆದರೆ ಅವನು ನಿಂತಿದ್ದಾನೆಂದು ಅಪ್ಪನ ಬೆನ್ನಿಗೆ ಗೊತ್ತಿತ್ತು. ಆಗ ಸುಲೋಚನಮ್ಮ ಒಳಗೆ ಬಂದರು. ಆಯಿಯ ಪಾದ ಮುಟ್ಟಿದರು. ನೆಟ್ಟಗೆ ಹೋಗಿ ಮುಂದಿನ ಕೋಣೆಯ ಕಿಟಕಿಯ ಚಿಲಕ ತೆಗೆದರು, ಒಳಕೋಣೆಯದ್ದನ್ನೂ ತೆಗೆದರು.

"ಇವತ್ತು ಹಾಡಿಕೊಳ್ಳಿ" ಎಂದರು ಅಪ್ಪನಿಗೆ. "ನಾನು ಅವನಿಗೆ ಹೇಳಿದ್ದೇನೆ. ಯಾರೂ ಏನೂ ಅನ್ನುವುದಿಲ್ಲ."

ಪೆಟ್ಟಿಗೆ ಹೊಸ್ತಿಲಿಗೆ ಬಂತು. ಸಾಮುವೇಲ ಮೇಸ್ತ್ರಿ ಮತ್ತು ಮೂವರು ಹೆಗಲು ಕೊಟ್ಟು ನಿಂತರು. ಪಾದ್ರಿಗಳು ಹೊರಗೆ ಮೆಟ್ಟಿಲ ಕೆಳಗೆ. ಸಭೆಯೆಲ್ಲ ಗಲ್ಲಿಯಲ್ಲಿ ತಲೆ ತಗ್ಗಿಸಿ ಕಾಯುತ್ತಿತ್ತು. ಬಾಗಿಲು ತೆರೆದಿತ್ತು, ಕಿಟಕಿಗಳು ತೆರೆದಿದ್ದವು. ಅಪ್ಪ ಹುಬ್ಬು ಏರಿಸಿದ. ಅವ್ವ ಕಣ್ಣು ಮುಚ್ಚಿದಳು. ನಾವು ಮೂವರೂ ಹೊಳೆ ಹಾಡು ಹಾಡಿದೆವು. ಮನಸ್ಸಿಟ್ಟು ಹಾಡಿದೆವು, ಒಂದು ಅಕ್ಷರ ಬಿಡಲಿಲ್ಲ, ನನ್ನ ಕಣ್ಣಿನಿಂದ ನೀರು ಸುರಿಯುತ್ತಿತ್ತು. ಮೊದಲ ಚರಣ ಮುಗಿಯಿತು. ಸಭೆಯವರು ಸೇರಿಕೊಳ್ಳಲೆಂದು ನಿಲ್ಲಿಸಿದೆವು. ಯಾರೂ ಸೇರಿಕೊಳ್ಳಲಿಲ್ಲ. ಗಲ್ಲಿಯಲ್ಲಿ ಒಂದು ಸದ್ದಿಲ್ಲ. ಹೆಗಲ ಮೇಲಿನ ಭಾರ ಸರಿಮಾಡಿಕೊಳ್ಳುತ್ತಾ ಮೇಸ್ತ್ರಿ ಒಳಗೆ ಬಗ್ಗಿ ನೋಡಿದರು.

"ಎತ್ರಿ ಶಾಂತಪ್ಪನವರ. ಯಾಕ ಸುಮ್ನ ನಿಂತೀರಿ? ಮಂದಿ ಕಾಯಾಕತ್ತಾರ."

ನನಗೆ ಮೊದಲು ಅರ್ಥವಾಗಲಿಲ್ಲ. ಅವ್ವ ಕಣ್ಣು ತೆರೆದು, ತಪ್ಪು ಮಾಡಿದ ಮಗುವಿನ ಹಾಗೆ ಹೇಳಿದಳು.

"ಹಾಡಿದ್ವಲ್ರಿ."

ಆಗ ಗೊತ್ತಾಯಿತು ನಾವು ಏನು ಮಾಡಿದೆವೆಂದು. ಅಪ್ಪ ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಬರೀ ಗಾಳಿ ಬಂತು, ದನಿ ಬರಲಿಲ್ಲ. ಹೊರಗೆ ಯಾರೋ ಇವರಿಗೆ ಹಾಡು ಬರಂಗಿಲ್ಲೇನೋ ಅಂದರು. ಆವತ್ತು ವಿಮಾನವೂ ಬರಲಿಲ್ಲ. ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು, ಆ ಮೈದುನನೂ. ಆಗ ಬಾಗಿಲ ಪಕ್ಕದಲ್ಲಿ ನಿಂತಿದ್ದ ಸುಲೋಚನಮ್ಮ ಮುಂದೆ ಬಂದು, ಗಲ್ಲಿಯಲ್ಲಿದ್ದವರಿಗೆ ಕೇಳುವ ಹಾಗೆ ತೆಲುಗಿನಲ್ಲಿ ಹೇಳಿದರು.

"ಅವರು ಹಾಡಿ ಆಯಿತು. ನಾನು ಕೇಳಿದೆ. ಅವರು ಹಾಡುವುದು ಹಾಗೇ."

ಅಷ್ಟು ಜನರಲ್ಲಿ ನಮ್ಮ ಹಾಡನ್ನು ಗುರುತು ಹಿಡಿದವರು ಅವರೊಬ್ಬರೇ. ನಮ್ಮ ದೇವರನ್ನು ನಂಬದ, ನಮ್ಮ ಭಾಷೆ ತಿಳಿಯದ, ನಮ್ಮ ಬಾಯಿ ಮುಚ್ಚಿಸಿದ ಹೆಂಗಸು ನಮ್ಮ ಪರವಾಗಿ ಸಾಕ್ಷಿ ಹೇಳಬೇಕಾಯಿತು. ಹೇಳಿ ಮುಗಿಸಿದವರು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಸರಿದರು. ನನಗೆ ಇಷ್ಟು ವಯಸ್ಸಾದ ಮೇಲೂ ಆ ಮಾತು ನೆನಪಾದಾಗ ಕೈಯಲ್ಲಿದ್ದ ಕೆಲಸ ನಿಂತು ಹೋಗುತ್ತದೆ. ಮೇಸ್ತ್ರಿಗೆ ತೆಲುಗು ಬರುತ್ತಿತ್ತು. ಅವರು ಅಪ್ಪನ ಮುಖ ನೋಡಿದರು, ಕಿಟಕಿ ನೋಡಿದರು, ಹೆಜ್ಜೆ ಮುಂದಿಟ್ಟರು. ಪೆಟ್ಟಿಗೆ ಹಾಡಿಲ್ಲದೆ ಗಲ್ಲಿ ದಾಟಿತು. ಆ ಭಾನುವಾರದಿಂದ ಅವರು ಅಪ್ಪನನ್ನು ಛೇಡಿಸುವುದನ್ನು ಬಿಟ್ಟರು, ನನಗೆ ಅದು ಛೇಡಿಸುವುದಕ್ಕಿಂತ ಕಷ್ಟವಾಯಿತು.

ಸಮಾಧಿಯ ಜಾಗ ಊರಾಚೆ ಇತ್ತು. ಸುತ್ತ ಜಾಲಿ ಗಿಡ, ಕಲ್ಲುಗುಡ್ಡ. ಪೆಟ್ಟಿಗೆ ಇಳಿಸಿದರು, ಪಾದ್ರಿಗಳು ಪ್ರಾರ್ಥನೆ ಮುಗಿಸಿದರು, ಜನ ಮಣ್ಣು ಹಾಕಿ ಹಿಂದೆ ಸರಿದರು. ಅಪ್ಪ ಗುಂಡಿಯ ಅಂಚಿನಲ್ಲೇ ಉಳಿದ. ಇದ್ದಕ್ಕಿದ್ದ ಹಾಗೆ ಹಾಡು ಎತ್ತಿದ. ಹೊಳೆ ಹಾಡು. ನಾನು ಬೇರೆ ಯಾರೋ ಹಾಡುತ್ತಿದ್ದಾರೆಂದು ತಿರುಗಿ ನೋಡಿದೆ. ತುಂಬಿದ, ಬಿಚ್ಚಿದ ದನಿ, ಎಲ್ಲೂ ಒಡೆಯದೆ ಮೇಲೆ ಹೋಗುತ್ತಿತ್ತು. ಹೋಗುತ್ತಿದ್ದವರು ನಿಂತರು. ಮೇಸ್ತ್ರಿ ತಲೆಯ ಟವೆಲ್ಲು ತೆಗೆದರು. ಎಲ್ಲ ಚರಣವನ್ನೂ ಅಪ್ಪ ಒಬ್ಬನೇ ಹಾಡಿದ, ಸೇರಿಕೊಳ್ಳುವ ಧೈರ್ಯ ಯಾರಿಗೂ ಆಗಲಿಲ್ಲ. ಆಯಿ ಸುಳ್ಳು ಹೇಳಿರಲಿಲ್ಲ. ಇಂಥ ದನಿಯನ್ನು ಒಳಗಿಟ್ಟುಕೊಂಡ ಮನುಷ್ಯ ನನ್ನ ಪಕ್ಕದಲ್ಲೇ ಕೂತು ದಿನಾ ಸಂಜೆ ಹುಬ್ಬು ಏರಿಸುತ್ತಿದ್ದನಲ್ಲ ಎಂದು ನನಗೆ ಅವಮಾನವಾಯಿತು. ಹೆಮ್ಮೆಯಾಗಬೇಕಿತ್ತು, ಆಗಲಿಲ್ಲ. ಹೊತ್ತು ಮೀರಿತ್ತು. ಕೇಳಬೇಕಾದವಳು ಕಿವಿಯೂ ಇಲ್ಲದೆ, ಬೆನ್ನು ಮುಟ್ಟಲು ಕೈಯೂ ಇಲ್ಲದೆ ಮಣ್ಣಿನಲ್ಲಿದ್ದಳು.

ಸಂಜೆ ಮನೆಗೆ ಬಂದೆವು. ಬಂದವರೆಲ್ಲ ಹೋದರು. ಸುಲೋಚನಮ್ಮ ಒಂದು ಪಾತ್ರೆಯಲ್ಲಿ ಅನ್ನ, ಬೇಳೆಯ ಪಪ್ಪು ಕಳಿಸಿದ್ದರು. ಅವ್ವ ನೆಲ ಒರೆಸಿ ಚಾಪೆ ಹಾಸಿದಳು. ಕಿಟಕಿಗಳು ಪೆಟ್ಟಿಗೆ ಎತ್ತುವಾಗ ತೆರೆದ ಹಾಗೇ ಇದ್ದವು, ಗಲ್ಲಿಯ ಗಾಳಿ ಬರುತ್ತಿತ್ತು. ಅಪ್ಪ ಎದ್ದು ಚಿಲಕಕ್ಕೆ ಕೈ ಹಾಕಿದ.

"ಇವತ್ತೊಂದ ದಿನ ಇರ್ಲಿ ಬಿಡ್ರಿ" ಎಂದಳು ಅವ್ವ. "ಅಮ್ಮನವರು ಹೇಳ್ಯಾರಲ್ಲ."

"ಹೆಣ ಇರೂ ತನಕ ಹೇಳ್ಯಾರ" ಎಂದ ಅಪ್ಪ. "ಈಗ ಎತ್ತಿ ಆತು."

ಎರಡನ್ನೂ ಮುಚ್ಚಿ ಬಂದು ನನ್ನ ಮುಂದೆ, ನನಗೆ ಬೆನ್ನು ಹಾಕಿ ಕೂತ. ಪುಸ್ತಕ ತೆಗೆಯಲಿಲ್ಲ. ಮೊಣಕಾಲಿನ ಮೇಲೆ ಬೆರಳು ಆಡಿತು, ಹೊಳೆ ಹಾಡಿನ ತಾಳ. ನಾವು ಶುರು ಮಾಡಿದೆವು. ನಾನು ಹಿಂದಿನಿಂದ ಕೈ ಚಾಚಿ, ಆಯಿ ಇಡುತ್ತಿದ್ದ ಜಾಗದಲ್ಲೇ, ಅಪ್ಪನ ಬೆನ್ನಿನ ಮೇಲೆ ಅಂಗೈ ಇಟ್ಟೆ. ಅದು ಯಾರ ಕೈ ಇಡುವ ರೀತಿ ಎಂದು ಅಪ್ಪನಿಗೆ ಗೊತ್ತಾಯಿತು, ಒಂದು ಗಳಿಗೆ ಮೈ ಬಿಗಿಯಾಯಿತು. ತಿರುಗಿ ನೋಡಲಿಲ್ಲ. ಹಾಡು ಕೊನೆಯ ಚರಣದವರೆಗೂ ಹೋಯಿತು. ಮಧ್ಯಾಹ್ನ ಗುಡ್ಡ ಕೇಳುವ ಹಾಗೆ ಹಾಡಿದ್ದ ಆ ಬೆನ್ನು ನನ್ನ ಅಂಗೈ ಕೆಳಗೆ ಅಲುಗಲೇ ಇಲ್ಲ.